ಫ್ಯಾನಿನ ಸದ್ದು ಇಳಿಸುವವನ ಪಾಡು

ಕಂಪ್ಯೂಟರ್ ಅಂಗಡಿ ಇಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆರೆದು ಕೂತರೆ ಸಾಕು, ಅವೇ ಕ್ಯಾಬಿನೆಟ್ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತವೆ. ನನ್ನ ಅಂಗಡಿ ಇದ್ದದ್ದು ಉಡುಪಿಯ ಬನ್ನಂಜೆಯಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿಕೊಡುವುದು, ಕೆಟ್ಟರೆ ಮನೆಗೇ ಹೋಗಿ ಸರಿಮಾಡುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ ಪ್ರೊಸೆಸರುಗಳು ದೋಸೆ ಕಾವಲಿಯ ಹಾಗೆ ಕಾಯುತ್ತಿದ್ದವು. ತಣ್ಣಗಿಡಲು ಫ್ಯಾನು ಬೇಕು, ಫ್ಯಾನು ಇಟ್ಟರೆ ಸದ್ದು. ಆ ಸದ್ದು ಇಳಿಸುವುದರಲ್ಲಿ ನನಗೆ ಸ್ವಲ್ಪ ಹೆಸರು ಬಂತು.

ಗುಟ್ಟೇನೂ ದೊಡ್ಡದಲ್ಲ. ಸಣ್ಣ ಫ್ಯಾನು ಜೀವ ಬಿಟ್ಟು ತಿರುಗಿ ಎಳೆಯುವಷ್ಟು ಗಾಳಿಯನ್ನು ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೇ ಎಳೆಯುತ್ತದೆ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ, ಫ್ಯಾನಿಗೂ ತಗಡಿಗೂ ನಡುವೆ ರಬ್ಬರ್ ವಾಷರ್. ಇಷ್ಟೇ. ಯಂತ್ರಕ್ಕೆ ಇದು ಬೇಗ ಅರ್ಥವಾಗುತ್ತದೆ, ಯಜಮಾನರಿಗೆ ಆಗುವುದಿಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಗ ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನ ಒಬ್ಬಳನ್ನು ಮದುವೆಯಾಗಬೇಕೆಂದಿದ್ದೆ. ಅವಳಿಗೂ ಮನಸ್ಸಿತ್ತು. ಅವಳ ಅಪ್ಪ ನಿವೃತ್ತ ಗಣಿತದ ಮಾಷ್ಟ್ರು, ನನ್ನ ಗಿರಾಕಿ. ಅವರನ್ನು ಕೇಳುವ ಧೈರ್ಯ ಮಾತ್ರ ನನಗಿರಲಿಲ್ಲ. ಊರಿನವರ ಫ್ಯಾನನ್ನೆಲ್ಲ ಸುಮ್ಮನಾಗಿಸಿದ ನಾನು ಅವರ ಮನೆಯ ಫ್ಯಾನನ್ನು ಪೂರ್ತಿ ಸರಿಮಾಡದೆ ಇಟ್ಟಿದ್ದೆ. ರಿಪೇರಿ ಮುಗಿದರೆ ಮತ್ತೆ ಆ ಮನೆಗೆ ಹೋಗಲು ನೆಪ ಎಲ್ಲಿಂದ ತರುವುದು?

ಬೋಟಿನವರ ಫ್ಯಾನು

ಕಾಪುವಿನಲ್ಲಿ ಮೀನುಗಾರಿಕೆಯ ಬೋಟು ಇದ್ದ ಒಬ್ಬರು ಮಗಳ ಓದಿಗೆಂದು ಕಂಪ್ಯೂಟರ್ ತೆಗೆದುಕೊಂಡರು. "ಸದ್ದು ಮಾತ್ರ ಬೇಡ, ಮನೆಯವಳಿಗೆ ತಲೆನೋವು ಉಂಟು" ಎಂದರು. ನಾನು ಇದ್ದುದರಲ್ಲಿ ಒಳ್ಳೆಯ ಫ್ಯಾನು ಹಾಕಿ ಕೊಟ್ಟೆ. ಕೆಲವು ದಿನ ಬಿಟ್ಟು ಅವರೇ ಅಂಗಡಿಗೆ ಬಂದರು.

"ಎಂತ ಮಾರಾಯ್ರೆ, ಫ್ಯಾನು ಹಾಕಿದ್ದೀರಾ, ಹಾಕ್ಲಿಕ್ಕೆ ಮರೆತಿದ್ದೀರಾ?"

"ಹಾಕಿದ್ದೇನಲ್ಲ. ಸದ್ದು ಬೇಡ ಅಂದದ್ದು ನೀವೇ."

"ಅಂದದ್ದು ಹೌದು. ಆದ್ರೆ ಒಂದು ಚೂರೂ ಇಲ್ಲದಿದ್ರೆ ಹೇಗೆ? ಕಡಲಿನಲ್ಲಿ ಇಂಜಿನಿನ ಸದ್ದು ನಿಂತ್ರೆ ನಾವು ದೇವರ ಹೆಸರು ಹೇಳ್ಲಿಕ್ಕೆ ಶುರು ಮಾಡುವುದು. ಇದರ ಮುಂದೆ ಕೂತ್ರೂ ನನಗೆ ಅದೇ ಹೆದರಿಕೆ."

ಕ್ಯಾಬಿನೆಟ್ಟಿನ ಹಿಂದೆ ಕೈ ಹಿಡಿದು ನೋಡಿ, ಗಾಳಿ ಬರುತ್ತದೆ ಎಂದೆ. "ಮಗಳು ಓದುವಷ್ಟು ಹೊತ್ತು ನಾನು ಹಿಂದೆ ಕೈ ಹಿಡಿದು ನಿಲ್ಲುವುದಾ?" ಎಂದು ಕೇಳಿ ಹೋದರು.

ಮುಂದಿನ ಸಲ ಅವರ ಮನೆಗೆ ಹೋದಾಗ ನೋಡುತ್ತೇನೆ, ಕ್ಯಾಬಿನೆಟ್ಟಿನ ಹಿಂದಿನ ಜಾಲರಿಗೆ ಕೆಂಪು ಬಟ್ಟೆಯ ಒಂದು ಸಣ್ಣ ಪಟ್ಟಿ ಕಟ್ಟಿದ್ದಾರೆ. ಬೋಟಿನ ಬಾವುಟದ ಹಾಗೆ ಪಟಪಟ ಹಾರುತ್ತಿದೆ. "ಈಗ ಓಡ್ತಾ ಉಂಟಾ ಇಲ್ವಾ ಬಾಗಿಲಿನಿಂದಲೇ ಗೊತ್ತಾಗ್ತದೆ" ಎಂದರು. ನಿಜ ಹೇಳುತ್ತೇನೆ, ನನಗದು ತುಂಬಾ ಇಷ್ಟವಾಯಿತು. ಪಕ್ಕದ ಮನೆಯ ಅಜ್ಜಿ ಬಂದವರು ಅದಕ್ಕೆ ಕೈಮುಗಿದು, ಇದು ಯಾವ ಹರಕೆ ಎಂದು ವಿಚಾರಿಸಿದರಂತೆ. ಮಗಳ ಪರೀಕ್ಷೆ ಹತ್ತಿರ ಬಂದಿತ್ತು, ಹಾಗಾಗಿ ಯಜಮಾನರು ಹರಕೆ ಅಲ್ಲ ಎಂದು ಹೇಳಲು ಹೋಗಲಿಲ್ಲವಂತೆ.

ಮೊಣಕಾಲಿನ ಎಣ್ಣೆ

ಹಿರಿಯಡ್ಕದಿಂದ ಫೋನ್ ಬಂದರೆ ನಾನು ಎರಡನೇ ಮಾತಾಡದೆ ಬೈಕ್ ತೆಗೆಯುತ್ತಿದ್ದೆ. ಅದು ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿ. ಅಲ್ಲಿವರೆಗೆ ಹೋದವನು ಕುಕ್ಕುಂದೂರಿಗೂ ಹೋಗಿ ಬಂದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಹಿರಿಯಡ್ಕದಲ್ಲಿ ಮದುವೆ ಕಾಗದ ಟೈಪ್ ಮಾಡಿಕೊಡುವ ಒಬ್ಬರು ಅಕ್ಕ ಇದ್ದರು, ವಯಸ್ಸಾದವರು. ಅವರ ಫ್ಯಾನು ಕಿರ್ ಕಿರ್ ಎನ್ನಲು ಶುರುವಾಗಿತ್ತು. ಕಡಲಿನ ಉಪ್ಪು ಗಾಳಿಗೆ ನಮ್ಮ ಕಡೆ ಫ್ಯಾನಿನ ಬೇರಿಂಗ್ ಬೇಗ ಹೋಗುತ್ತದೆ, ಅದು ಹೊಸತೇನಲ್ಲ. ಹೊಸತು ಹಾಕಿಕೊಡುತ್ತೇನೆ, ಬರುವವರೆಗೆ ಮುಟ್ಟಬೇಡಿ ಎಂದು ಫೋನಿನಲ್ಲಿ ಹೇಳಿದ್ದೆ. ನಾನು ಹೋದಾಗ ಅವರ ಅಂಗಡಿಯಿಡೀ ಮದ್ದಿನ ಎಣ್ಣೆಯ ವಾಸನೆ. ಫ್ಯಾನಿನ ಎಲೆಗಳ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು, ಎರಡೂ ಸೇರಿ ಚಟ್ನಿಯಾಗಿ ಫ್ಯಾನು ನಿಂತೇ ಹೋಗಿತ್ತು.

"ಅಕ್ಕ, ಇದಕ್ಕೆ ಎಂತ ಹಾಕಿದ್ರಿ?"

"ನನ್ನ ಮೊಣಕಾಲಿಗೆ ಹಾಕುವ ಎಣ್ಣೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ್ದು."

"ಮೊಣಕಾಲಿನ ಎಣ್ಣೆಯನ್ನು ಫ್ಯಾನಿಗೆ ಯಾಕೆ?"

"ಎರಡರದ್ದೂ ಸದ್ದು ಒಂದೇ ಅಲ್ವಾ? ನನಗೆ ಒಳ್ಳೆ ಗುಣ ಉಂಟು."

ನಾನು ಹೊಸ ಫ್ಯಾನು ಹಾಕಿ, ಒಳಗೆಲ್ಲ ಒರೆಸಿ ಎದ್ದೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು, ಏಳುವಾಗ ನರಳಿದೆ. ಅಕ್ಕ ಶೀಶೆಯಲ್ಲಿ ಉಳಿದ ಎಣ್ಣೆಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. ರಾತ್ರಿ ಸೊಂಟಕ್ಕೆ ಹಚ್ಚಿ ನೋಡಿದೆ, ಗುಣ ಉಂಟು ಎಂಬುದರಲ್ಲಿ ಸುಳ್ಳಿರಲಿಲ್ಲ.

ಒಣಗುವ ಪ್ರಶ್ನೆ

ಬನ್ನಂಜೆಯಲ್ಲೇ ನಮ್ಮ ಹಿಂದಿನ ಓಣಿಯಲ್ಲಿ ಜ್ಯೋತಿಷ್ಯ ಹೇಳುವ ಭಟ್ಟರು ಕಂಪ್ಯೂಟರಿನಲ್ಲಿ ಜಾತಕ ತೆಗೆಯುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಅವರ ಯಂತ್ರ ಜಾತಕದ ನಡುವೆಯೇ ಬಂದ್ ಆಗತೊಡಗಿತು. ಹೋಗಿ ನೋಡಿದರೆ ಕ್ಯಾಬಿನೆಟ್ಟಿನ ಹಿಂದೆ, ಬಿಸಿ ಗಾಳಿ ಹೊರಬರುವ ಬಾಯಿಗೇ, ಅವರ ಮಡಿ ಪಂಚೆ ಹರಡಿದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಕಂಡುಕೊಂಡ ಉಪಾಯ. ಒದ್ದೆ ಬಟ್ಟೆ ಗಾಳಿಗೆ ಅಡ್ಡ ಬಂದರೆ ಯಂತ್ರ ಬಿಸಿಯೇರಿ ನಿಲ್ಲದೆ ಇನ್ನೇನು ಮಾಡೀತು?

ಎತ್ತಲು ಕೈ ಚಾಚಿದೆ. "ಮುಟ್ಟಬೇಡಿ, ಮಡಿ" ಎಂದರು.

"ಹಾಗಾದ್ರೆ ನೀವೇ ತೆಗೀರಿ ಭಟ್ರೇ."

"ನಾನು ಈಗ ಹೇಗೆ ತೆಗೆಯುವುದು? ನನಗಿನ್ನೂ ಸ್ನಾನ ಆಗಲಿಲ್ಲ."

ಕೊನೆಗೆ ಭಟ್ಟರು ಒಳಗಿನಿಂದ ಒಂದು ಕೋಲು ತಂದು, ಅದರ ತುದಿಯಿಂದ ಪಂಚೆ ಎತ್ತಿ ಹಗ್ಗಕ್ಕೆ ಹಾಕಿದ ಮೇಲೆ ನನ್ನ ಕೆಲಸ ಶುರುವಾಯಿತು. ಹಳೆಯ ಫ್ಯಾನು ಹೇಗೂ ಸೋತಿತ್ತು, ಬದಲಿಸೋಣ ಎಂದು ಎರಡು ಬಗೆಯದನ್ನು ಮುಂದಿಟ್ಟು ವಿವರಿಸಿದೆ. ಇದಕ್ಕೆ ಸದ್ದು ಕಡಿಮೆ, ಅದಕ್ಕೆ ಬಾಳಿಕೆ ಹೆಚ್ಚು, ಇದು ಹೀಗೆ, ಅದು ಹಾಗೆ. ಭಟ್ಟರು ಶ್ರದ್ಧೆಯಿಂದ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಪಂಚೆ ಬೇಗ ಒಣಗುವುದು ಯಾವುದರಲ್ಲಿ?"

ಕುಕ್ಕುಂದೂರಿನ ಮನೆ

ಮಾಷ್ಟ್ರ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಚಾವಡಿಯಲ್ಲಿ, ಅಂದರೆ ಮುಂದಿನ ಪಡಸಾಲೆಯಲ್ಲಿ. ಮಗಳು ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು, ಪ್ರಶ್ನೆಪತ್ರಿಕೆಗಳನ್ನು ಅದರಲ್ಲೇ ಟೈಪ್ ಮಾಡುತ್ತಿದ್ದಳು. ಫ್ಯಾನು ಶುರುವಾದರೆ ಅಕ್ಕಿ ಗಿರಣಿ ಹತ್ತಿರ ಕೂತ ಹಾಗಾಗುತ್ತಿತ್ತು. ನಾನು ಹೋಗಿ ಕ್ಯಾಬಿನೆಟ್ ಬಿಚ್ಚಿ ಕೂರುವುದು, ಅವಳು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂರುವುದು. ಆ ಸದ್ದಿನ ಅಡಿಯಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಿದ್ದೆವು. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಬೇರೆ ಯಾವ ರಿಪೇರಿಯನ್ನೂ ಮಾಡಿಲ್ಲ.

"ಅಪ್ಪನನ್ನು ಯಾವಾಗ ಕೇಳ್ತೀರಿ?" ಎಂದು ಅವಳು.

"ಮುಂದಿನ ಸಲ" ಎಂದು ನಾನು. ಹೋಗುವ ಮೊದಲು ಒಂದು ಸ್ಕ್ರೂ ಸಡಿಲ ಬಿಟ್ಟರೆ ಮುಂದಿನ ಸಲ ಇದ್ದೇ ಇರುತ್ತಿತ್ತು.

ಆದರೆ ಸದ್ದು ನಿಲ್ಲಿಸಿ ಎಂದು ಫೋನ್ ಮಾಡಿ ಮಾಡಿ ಮಾಷ್ಟ್ರಿಗೆ ತಾಳ್ಮೆ ತಪ್ಪಿತು. ಒಂದು ದಿನ ಫೋನ್ ಮಾಡಿ, "ನೋಡಿ, ಈ ಸಲ ಸದ್ದು ಪೂರ್ತಿ ನಿಲ್ಲಬೇಕು. ಆಗದಿದ್ರೆ ಹೇಳಿ, ಕಾರ್ಕಳದಲ್ಲಿ ಬೇರೆ ಅಂಗಡಿ ಉಂಟು" ಎಂದರು. ಬೇರೆ ಅಂಗಡಿಯವನು ಬಂದರೆ ಚಾವಡಿಯಲ್ಲಿ ಕೂರುವವನು ಅವನು. ಒಂದು ಫ್ಯಾನು ಸರಿಮಾಡಲಾಗದವನು ಮಗಳನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು?

ಇದ್ದ ವಿದ್ಯೆಯೆಲ್ಲ ಸುರಿದೆ. ಹಿಂದಿನ ತಗಡು ಕೊರೆದು ದೊಡ್ಡ ಫ್ಯಾನು ಕೂರಿಸಿದೆ, ಸುತ್ತ ರಬ್ಬರ್ ಹಾಕಿದೆ, ವೇಗ ಇಳಿಸಿದೆ, ಗಾಳಿಗೆ ಅಡ್ಡ ಬರುವ ವಯರುಗಳನ್ನೆಲ್ಲ ಕಟ್ಟಿ ಬದಿಗೆ ಸರಿಸಿದೆ. ಸ್ವಿಚ್ ಹಾಕಿದರೆ ದೀಪ ಹತ್ತಿದ್ದು ಮಾತ್ರ ಕಂಡಿತು. ಮಾಷ್ಟ್ರು ಕ್ಯಾಬಿನೆಟ್ಟಿಗೆ ಕಿವಿಯಿಟ್ಟು ಕೇಳಿದರು. ಮುಖದಲ್ಲಿ ತೃಪ್ತಿ. "ಕೂತ್ಕೊಳ್ಳಿ, ಕಾಪಿ ತರ್ತೇನೆ" ಎಂದು ಒಳಗೆ ಹೋದರು.

ನಾನು ಗೆದ್ದವನ ಹಾಗೆ ಅವಳ ಕಡೆ ತಿರುಗಿ, ಇಷ್ಟು ದಿನದ ಅಭ್ಯಾಸದಲ್ಲಿ, ಗಿರಣಿಯ ಸದ್ದಿಗೆ ಬೇಕಾದ ಗಂಟಲಿನಲ್ಲೇ ಹೇಳಿದೆ: "ನಿಮ್ಮ ಅಪ್ಪನನ್ನು ಕೇಳ್ಲಿಕ್ಕೆ ನನಗೆ ಧೈರ್ಯವೇ ಬರುವುದಿಲ್ಲ ಮಾರಾಯ್ತಿ. ಅವರ ಮುಖ ನೋಡಿದ್ರೆ ಲೆಕ್ಕದ ಪರೀಕ್ಷೆ ನೆನಪಾಗ್ತದೆ. ಆದ್ರೆ ಮದುವೆ ಅಂತ ಆದ್ರೆ ನಿಮ್ಮನ್ನೇ."

ಅವಳು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದದ್ದು ಎಲ್ಲ ಹೇಳಿ ಮುಗಿದ ಮೇಲೆ ನನಗೆ ಕಂಡಿತು. ಮನೆಯಿಡೀ ನಿಶ್ಶಬ್ದ. ಒಳಗೆ ಲೋಟಕ್ಕೆ ಸಕ್ಕರೆ ಬಿದ್ದದ್ದೂ, ಚಮಚ ತಿರುಗುವುದು ನಿಂತದ್ದೂ ಚಾವಡಿಗೆ ಸ್ಪಷ್ಟವಾಗಿ ಬಂತು. ಅವಳು ಬಿದ್ದೇ ಇಲ್ಲದ ಸ್ಕ್ರೂ ಹುಡುಕಲು ಮೇಜಿನ ಅಡಿಗೆ ಹೋದಳು. ನನಗೂ ಅಲ್ಲಿಗೇ ಹೋಗುವ ಆಸೆ, ಆದರೆ ಜಾಗ ಇರಲಿಲ್ಲ.

ಮಾಷ್ಟ್ರು ಕಾಪಿ ತಂದು ನನ್ನ ಮುಂದಿಟ್ಟರು. ಎದುರಿನ ಕುರ್ಚಿಯಲ್ಲಿ ಕೂತರು. ನಾನು ಲೋಟ ಎತ್ತುವ ಧೈರ್ಯ ಮಾಡಲಿಲ್ಲ.

"ಭಾನುವಾರ ನಿಮ್ಮ ಅಪ್ಪ ಅಮ್ಮನನ್ನು ಕರ್ಕೊಂಡು ಬನ್ನಿ. ದೊಡ್ಡವರು ಕೂತು ಮಾತಾಡುವ" ಎಂದರು.

ನಾನು ಏನೋ ಹೇಳಲು ಬಾಯಿ ತೆರೆದೆ, ಬರೇ ಗಾಳಿ ಬಂತು. ಮಾಷ್ಟ್ರು ಕಂಪ್ಯೂಟರಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಒಳ್ಳೆ ಫ್ಯಾನು. ಇದನ್ನು ಮೊದಲೇ ಹಾಕಬಾರದಿತ್ತಾ? ನೀವಿಬ್ರು ಎಂತ ಮಾತಾಡ್ತೀರಿ ಅಂತ ವರ್ಷದಿಂದ ಅಡುಗೆಮನೆ ಬಾಗಿಲಿನಲ್ಲಿ ನಿಂತು ನಿಂತು ನನ್ನ ಕಾಲು ಹೋಯ್ತು ಮಾರಾಯ್ರೆ. ಒಂದಕ್ಷರ ಕಿವಿಗೆ ಬೀಳುತ್ತಿರಲಿಲ್ಲ. ಇಲ್ಲದಿದ್ರೆ ಸದ್ದು ನಿಲ್ಲಿಸಿ, ನಿಲ್ಲಿಸಿ ಅಂತ ನಾನು ನಿಮಗೆ ಸುಮ್ಮನೆ ಫೋನ್ ಮಾಡುತ್ತಿದ್ದದ್ದಾ?"