ಹೊಡೆದು ಹಾಕಿದ ಗುಣಗಳು

ಇನ್ನು ಜನ್ಮದಲ್ಲಿ ಮೌಸ್ ಮುಟ್ಟುವುದಿಲ್ಲ ಎಂದು ಹೆಡ್ ಕ್ಲಾರ್ಕ್ ಸಾಹೇಬರು ಭೀಷ್ಮ ಪ್ರತಿಜ್ಞೆ ಮಾಡಿದರು. ಕಚೇರಿಯಲ್ಲೂ ಮನೆಯಲ್ಲೂ ಅದನ್ನು ಡ್ರಾಯರಿಗೆ ತುರುಕಿ ಬೀಗವನ್ನೂ ಜಡಿದರು. ಕಂಟ್ರೋಲ್ ಜೊತೆ ಬಿ ಒತ್ತಿದರೆ ಅಕ್ಷರ ದಪ್ಪ, ಐ ಒತ್ತಿದರೆ ಓರೆ, ಯು ಒತ್ತಿದರೆ ಅಡಿಗೆರೆ! ಇಷ್ಟು ಬಾಯಿಪಾಠವಾದದ್ದೇ ತಡ, 'ನಾಳೆ ರಜೆ ಬೇಕು' ಎಂಬ ಬಡಪಾಯಿ ಸಾಲು ಕೂಡ ದಪ್ಪಗೆ, ಓರೆಯಾಗಿ, ಅಡಿಗೆರೆ ಸಮೇತ ಮೆರವಣಿಗೆ ಹೊರಡತೊಡಗಿತು. ಕಚೇರಿಯವರು ಅವರನ್ನು 'ಶಾರ್ಟ್‌ಕಟ್ ಸಾಹೇಬರು' ಎಂದು ಕರೆದರು. ಪಾಪ, ಅವರು ಅದನ್ನು ಬಿರುದೆಂದೇ ತಿಳಿದರು.

ಎಲ್ಲಕ್ಕಿಂತ ಅವರಿಗೆ ಪ್ರಾಣವೆಂದರೆ ಆಲ್ಟ್, ಶಿಫ್ಟ್, ಐದು. ಮೂರನ್ನೂ ಒಟ್ಟಿಗೆ ಒತ್ತಿದರೆ ಆರಿಸಿದ ಸಾಲಿನ ನಡುವೆ ಗೆರೆ ಬೀಳುತ್ತದೆ. ಸಾಹೇಬರು ಜೀವಮಾನವಿಡೀ ಕರಡು ಬರೆದದ್ದು ಹೀಗೆಯೇ. ಬೇಡವಾದದ್ದಕ್ಕೆ ಅವರು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು, ಟೈಪಿಸ್ಟ್ ಅದನ್ನು ಬಿಟ್ಟು ಮಿಕ್ಕಿದ್ದನ್ನು ಟೈಪ್ ಮಾಡುತ್ತಿದ್ದ. ಗೆರೆ ಬಿತ್ತೆಂದರೆ ಆ ಮಾತು ಸತ್ತಂತೆ! ಟೈಪಿಸ್ಟ್ ನಿವೃತ್ತನಾದ ಮೇಲೆ ಆ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ ಎಂದು ಅವರು ನಂಬಿದ್ದರು.

ಹೀಗಿರುವಾಗ ಅವರ ಹೆಂಡತಿ ಹುಡುಗರ ಹಾಸ್ಟೆಲೊಂದರ ವಾರ್ಡನ್ ಕೆಲಸಕ್ಕೆ ಅರ್ಜಿ ಹಾಕಿದರು. ಮನೆಯ ನಾಲ್ಕು ಗೋಡೆ ನೋಡಿ ನೋಡಿ ಸಾಕಾಗಿತ್ತು, ಈ ಕೆಲಸ ಸಿಕ್ಕಿದರೆ ಸಾಕು ಎಂದು ಹಂಬಲಿಸುತ್ತಿದ್ದರು. ಅಭ್ಯರ್ಥಿಯನ್ನು ಚೆನ್ನಾಗಿ ಬಲ್ಲವರೊಬ್ಬರು ಅವರ ಸ್ವಭಾವದ ಬಗ್ಗೆ ಈಮೇಲ್ ಬರೆಯಬೇಕಂತೆ. ಪಕ್ಕದ ಮನೆಯ ಟೀಚರ್ ಹತ್ತಿರ ಬರೆಸುತ್ತೇನೆ ಎಂದರು.

"ಮನೇಲೇ ಪಂಡಿತ ಇರುವಾಗ ಊರೆಲ್ಲ ಯಾಕೆ ಅಲೀತೀಯ? ಅರ್ಧ ಗಂಟೆ ಕೊಡು" ಎಂದು ಸಾಹೇಬರು ಬೆರಳು ಲಟಿಕೆ ಮುರಿದು ಕುಳಿತರು.

'ಇವರ ದನಿ ಮೂರನೇ ಮನೆಗೂ ಕೇಳಿಸುತ್ತದೆ' ಎಂದು ಕೈ ತಾನಾಗಿಯೇ ಬರೆಯಿತು. ಛೆ! ಗೆರೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಮೃದುಭಾಷಿ'. 'ಸುಳ್ಳು ಹೇಳಿದರೆ ಮುಖ ನೋಡಿಯೇ ಹಿಡಿಯುತ್ತಾರೆ, ಸ್ವಂತ ಅನುಭವ.' ಗೆರೆ. 'ಎಲ್ಲರನ್ನೂ ನಂಬುವವರು.' 'ಮದುವೆಯಾದಂದಿನಿಂದ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕುವ ಧೈರ್ಯ ನನಗೆ ಬಂದಿಲ್ಲ.' ಗೆರೆ. 'ಹೊಂದಿಕೊಂಡು ಹೋಗುವ ಸ್ವಭಾವ.' ಕೊನೆಗೆ ಕಂಟ್ರೋಲ್ ಮತ್ತು ಎಂಟರ್ ಒತ್ತಿದರು. ಈಮೇಲ್ ಹೋಗಿಯೇ ಬಿಟ್ಟಿತು.

ಏನು ಬರೆದಿದ್ದೀರಿ ನೋಡೋಣ ಎಂದು ಹೆಂಡತಿ ಬಂದರು. ನಿಂತಲ್ಲೇ ಪೂರ್ತಿ ಓದಿದರು.

"ಗೆರೆ ಹಿಂದೆ ಇರೋದೆಲ್ಲ ಕಾಣ್ತಿದೆಯಲ್ರೀ."

"ಹೊಡೆದು ಹಾಕಿದ್ದನ್ನ ಯಾರು ಓದ್ತಾರೆ ಕಣೇ?"

"ನಾನು ಅದನ್ನೇ ಮೊದಲು ಓದಿದ್ದು."

ಸಾಹೇಬರು ಡ್ರಾಯರಿನತ್ತ ಧಾವಿಸಿದರು. ಬೀಗ ತೆಗೆದು, ಪ್ರತಿಜ್ಞೆ ಮುರಿದು, ಮೌಸ್ ಹಿಡಿದು ಕಂಡಕಂಡಲ್ಲಿ ಒತ್ತಿದರು. ಹೋದ ಈಮೇಲ್ ಹಿಂದಿರುಗಲಿಲ್ಲ. ಹೆಂಡತಿ ಕೂಗಾಡಿದ್ದರೆ ಸಾಹೇಬರು ಬದುಕಿಕೊಳ್ಳುತ್ತಿದ್ದರು, ಆಕೆ ಮಾತೇ ಬಿಟ್ಟರು. ಗಾಬರಿಯಲ್ಲಿ ಒಂದು ಬೆಳಿಗ್ಗೆ ಸಾಹೇಬರು ಒದ್ದೆ ಟವೆಲನ್ನು ಹಾಸಿಗೆಯ ಮೇಲೆಯೇ ಬಿಟ್ಟರು. ಆಕೆ ಅದನ್ನು ನೋಡಿಕೊಂಡೇ ದಾಟಿ ಹೋದರು. ಅವಳ ಆಸೆಗೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಸಾಹೇಬರು ನಿಜವಾಗಿಯೂ ಪೇಚಾಡಿದರು.

ಅವತ್ತೇ ಹಾಸ್ಟೆಲಿನಿಂದ ಉತ್ತರ ಬಂತು. ಹೆಂಡತಿ ಗಟ್ಟಿಯಾಗಿ ಓದಿದರು: 'ಗೆರೆ ಎಳೆದ ಗುಣಗಳನ್ನು ಸಮಿತಿ ಒಮ್ಮತದಿಂದ ಮೆಚ್ಚಿದೆ. ನಮ್ಮ ಹುಡುಗರಿಗೆ ಇಂಥವರೇ ಬೇಕಿತ್ತು. ದಪ್ಪಕ್ಷರದ ಗುಣಗಳನ್ನು ದಯವಿಟ್ಟು ಹಾಸ್ಟೆಲಿಗೆ ತರಬಾರದು. ಮುಂದಿನ ತಿಂಗಳು ಸೇರಿಕೊಳ್ಳಿ.'

ಸಾಹೇಬರಿಗೆ ಹೋದ ಜೀವ ಬಂತು, ಜೊತೆಗೆ ಜಂಬವೂ ಬಂತು. "ನೋಡಿದೆಯಾ ನನ್ನ ಶಾರ್ಟ್‌ಕಟ್ ಮಹಿಮೆ!"

ಹೆಂಡತಿ ಬಹಳ ದಿನಗಳ ಮೇಲೆ ನಕ್ಕರು. "ನೋಡಿದೆ. ಸೇರೋದಕ್ಕೆ ಇನ್ನೂ ಒಂದು ತಿಂಗಳಿದೆ. ಅಲ್ಲೀವರೆಗೆ ನನಗೂ ಅಭ್ಯಾಸ ತಪ್ಪಬಾರದಲ್ವಾ?" ಎಂದು ಎದೆತುಂಬ ಉಸಿರೆಳೆದುಕೊಂಡರು. "ಮೊದಲು ಹಾಸಿಗೆ ಮೇಲಿನ ಆ ಟವೆಲ್ ಎತ್ರೀ!"

ಸಾಹೇಬರು ಓಡಿಹೋಗಿ ಎತ್ತಿದರು. ಮೂರನೇ ಮನೆಯ ಯಜಮಾನರೂ ತಮ್ಮದನ್ನು ಎತ್ತಿಕೊಂಡರಂತೆ.