ಹೆಂಡತಿಗೊಂದು ಹಿಮದ ಶಾಲೆ ಹುಡುಕಿದ್ದು

ಊರಿಗೆಲ್ಲ ಜಗಳ ಆಡುವವನ ಮನೆಯಲ್ಲಿ ತಮಾಷೆಗೆ ಬರ ಇರುವುದಿಲ್ಲ. ನಾನು ಸಿಟ್ಟಿನಿಂದ ಶುರು ಮಾಡಿದ ಕೆಲಸಗಳಲ್ಲಿ ಮುಕ್ಕಾಲು ಪಾಲು ಯಾರನ್ನೋ ನಗಿಸಿ ಮುಗಿದಿವೆ, ಹೆಚ್ಚಿನ ಸಲ ನನ್ನ ಹೆಂಡತಿಯನ್ನು. ಬಸ್ಸು ಬಿಡಿಸಲು, ಆಸ್ಪತ್ರೆಗೆ ಡಾಕ್ಟರನ್ನು ತರಿಸಲು, ರಸ್ತೆಯ ಹೊಂಡ ಮುಚ್ಚಿಸಲು ಅಂತ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸುತ್ತಿದವನು ನಾನು. ಒಂದು ಕಡೆ ಇರಲು ಬರುವುದಿಲ್ಲ. ಊಟದ ನಡುವೆಯೂ ಎದ್ದು ಹೋಗಿ ಯಾರಿಗೋ ಫೋನು ಮಾಡಿ ಬೈದು ಬರುತ್ತೇನೆ. ಅಂಥವನು ಹೋದ ವರ್ಷ ಹೆಂಡತಿ, ಮಗಳನ್ನು ಕರೆದುಕೊಂಡು ರಜೆಗೆ ಹೊರಡಬೇಕಾಯಿತು.

ಅವಳ ತಿಂಗಳು

ನನ್ನ ಹೆಂಡತಿ ಹೊಸನಗರದಲ್ಲಿ ರವಿಕೆ ಹೊಲಿಯುತ್ತಾಳೆ. ಇಪ್ಪತ್ತೆರಡು ವರ್ಷ ನಮ್ಮ ಮನೆ ನಡೆದದ್ದು ಅವಳ ಮಿಶನ್ನಿನಿಂದ, ನನ್ನ ಭಾಷಣದಿಂದ ಅಲ್ಲ. ಮದುವೆಯ ತಿಂಗಳುಗಳಲ್ಲಿ ಅವಳಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಧನುರ್ಮಾಸದಲ್ಲಿ ಮದುವೆ ಇಲ್ಲ, ಹಾಗಾಗಿ ರವಿಕೆಯೂ ಇಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ, ಅದೊಂದು ತಿಂಗಳು ಅವಳದ್ದು. ಅದನ್ನೂ ಪ್ರತಿ ವರ್ಷ ಹೋರಾಟದ ಬ್ಯಾನರ್ ಹೊಲಿಸಿ ನಾನೇ ನುಂಗುತ್ತಿದ್ದೆ. ನಮ್ಮ ಕಡೆ ಹೆಂಗಸರಿಗೆ ರಜೆ ಅಂದರೆ ತವರಿಗೆ ಹೋಗಿ ಅಲ್ಲಿಯ ಪಾತ್ರೆ ತೊಳೆಯುವುದು. ಈ ಮಾತನ್ನು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮನೆಯಲ್ಲಿ ಹೇಳಿದ ನೆನಪಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವಳು ನನ್ನ ಮುಂದೆ ಫೋನು ಹಿಡಿದಳು. ಅದರಲ್ಲಿ ಅವಳದೇ ವಯಸ್ಸಿನ ಹೆಂಗಸೊಬ್ಬಳು ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಕೆಳಗೆ ಜಾರಿ ಬರುತ್ತಿದ್ದಳು. ಅದಕ್ಕೆ ಸ್ಕೀ ಅನ್ನುತ್ತಾರಂತೆ. ಅದನ್ನು ಕಲಿಸಲು ಹಿಮಾಚಲದ ಕಡೆ ಶಾಲೆಗಳೇ ಇವೆಯಂತೆ.

"ಈ ಧನುರ್ಮಾಸಕ್ಕೆ ಹೋಗೋಣ. ಒಂದ್ಸಲ ಗುಡ್ಡದ ತುದಿಯಿಂದ ನಾನೂ ಹಿಂಗೆ ಇಳೀಬೇಕು" ಅಂದಳು.

"ಪರಿಶೀಲಿಸೋಣ" ಅಂದೆ.

ಒಳಗಿನಿಂದ ಮಗಳು ಕೂಗಿದಳು: "ಅಮ್ಮಾ, ಯಾವ್ದೋ ಸಾಹೇಬ್ರು ಇದೇ ಮಾತು ಅಂದಿದ್ದಕ್ಕೆ ಅಪ್ಪ ಅವರ ಆಫೀಸಿಗೆ ಬೀಗ ಹಾಕಿದ್ರು. ನೀನು ಅಡುಗೆಮನೆಗೆ ಹಾಕು!"

ಹಾಕಿದಳು. ಎರಡು ದಿನ ಹೋಟೆಲಿನ ಅವಲಕ್ಕಿ ತಿಂದು ಮೂರನೇ ದಿನ ಒಪ್ಪಿಕೊಂಡೆ. ಆ ಸಾಹೇಬರು ಐದು ದಿನ ತಡೆದುಕೊಂಡಿದ್ದರು. ಅವತ್ತಿನಿಂದ ಅವರ ಮೇಲೆ ನನಗೆ ಸ್ವಲ್ಪ ಗೌರವ.

ನಾನೇ ಮೇಷ್ಟ್ರು

ಮಗಳು ರೈಲಿನ ಟಿಕೆಟ್ ಮಾಡಿಸಿಬಿಟ್ಟಳು. ಉಳಿದದ್ದು ಶಾಲೆಯ ಆಯ್ಕೆ. ನಾನು ಓದಿದ್ದು ಎಂಟನೇ ಕ್ಲಾಸು. ಕಾನೂನು ಕಲಿತದ್ದು ದಿನಸಿ ಕಟ್ಟಿಕೊಟ್ಟ ಕಾಗದ ಬಿಚ್ಚಿ ಓದಿ. ಹಾಗಾಗಿ ಶಾಲೆ ಅಂದರೆ ನನಗೆ ಮೊದಲಿನಿಂದ ತಾತ್ಸಾರ.

"ಜಾರೋದು ಕಲಿಯೋಕೆ ಶಾಲೆ ಬೇಕಾ? ಮಲೆನಾಡಲ್ಲಿ ಹುಟ್ಟಿದವ್ರು ಅಂಗಳಕ್ಕೆ ಇಳಿದ್ರೆ ಜಾರ್ತಾರೆ. ನಾನೇ ಕಲಿಸ್ತೀನಿ, ನಡಿ" ಅಂದೆ.

ಊರ ಹಿಂದಿನ ಗುಡ್ಡದಲ್ಲಿ ಕರಡದ ಹುಲ್ಲು ಒಣಗಿ ಮಲಗಿತ್ತು. ಅದರ ಮೇಲೆ ಕಾಲಿಟ್ಟರೆ ಎಣ್ಣೆ ಸವರಿದ ಹಾಗೆ. ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳದ ಮಕ್ಕಳು ನಮ್ಮ ಕಡೆ ಇಲ್ಲ. ನಾನು ಮೇಷ್ಟ್ರಲ್ಲವೇ, ಕೂರಲಿಲ್ಲ. ಎರಡು ಕಾಲಿಗೆ ಎರಡು ಹಾಳೆ ಇಟ್ಟು ಸೈಕಲ್ ಟ್ಯೂಬಿನಲ್ಲಿ ಬಿಗಿದು ತುದಿಯಲ್ಲಿ ನಿಂತೆ.

"ನೋಡು, ಮೊದಲನೇ ಪಾಠ" ಅಂದೆ. ಎರಡನೆಯದನ್ನು ಹೇಳಲು ಸಮಯ ಸಿಗಲಿಲ್ಲ. ಒಂದು ಹಾಳೆ ಸಾಗರದ ದಿಕ್ಕಿಗೆ ಹೊರಟಿತು, ಇನ್ನೊಂದು ತೀರ್ಥಹಳ್ಳಿಯ ದಿಕ್ಕಿಗೆ. ನಡುವೆ ಇದ್ದ ನಾನು ಬೆನ್ನ ಮೇಲೆ ಇಳಿದು, ಪ್ಲಾಂಟೇಶನ್ನಿನ ಸುತ್ತ ತೋಡಿದ್ದ ಅಗಳದೊಳಗೆ ಬಿದ್ದೆ. ಆ ಕಂದಕದ ಅಂಚಿನಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬ ಕೂತು ಬುತ್ತಿ ತಿನ್ನುತ್ತಿದ್ದ. ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ:

"ಸಾರ್, ಈ ಅಗಳ ಮುಚ್ಚಬೇಕು ಅಂತ ಮೊನ್ನೆ ಮನವಿ ಕೊಟ್ಟಿದ್ರಿ. ಮೇಲಿನವ್ರಿಗೆ ಕಳ್ಸಿದೀವಿ. ನೀವೇ ಬಂದು ತುಂಬ್ಬೇಕಾಗಿರ್ಲಿಲ್ಲ."

ಒಬ್ಬಳೇ ಹೆಂಗಸು

ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ತೀರ್ಥಹಳ್ಳಿಗೆ ಹೋದೆ. ಅಲ್ಲೊಬ್ಬ ಪ್ರವಾಸದ ಏಜೆಂಟ್ ಇದ್ದಾನೆ. ಅವನು ಜನ್ಮದಲ್ಲಿ ಕಳಿಸಿದ್ದು ಕಾಶಿಗೆ ಮತ್ತು ರಾಮೇಶ್ವರಕ್ಕೆ ಮಾತ್ರ.

"ಹಿಮದಲ್ಲಿ ಜಾರೋ ಶಾಲೆನಾ? ಅಣ್ಣಾ, ಅದರ ಬದ್ಲು ಕಾಶಿಗೆ ಹೋಗಿ. ಜನವರಿಲಿ ಗಂಗೆನೂ ಅಷ್ಟೇ ತಣ್ಣಗಿರ್ತಾಳೆ. ಮೆಟ್ಟಿಲ ಮೇಲೆ ಜಾರೋದೂ ಆಗ್ತದೆ, ಪುಣ್ಯನೂ ಬರ್ತದೆ."

ನಾನು ಮೇಜು ಗುದ್ದಿದೆ. ಅವನು ಗಾಬರಿಯಾಗಿ ಎಲ್ಲಿಂದಲೋ ಮೂರು ಶಾಲೆಗಳ ಬಣ್ಣದ ಕಾಗದ ತೆಗೆದು ಹರಡಿದ. ನೋಡಿದೆ. ಮೂರರಲ್ಲೂ ಒಂದೇ ಫೋಟೋ. ಅದೇ ಬೆಟ್ಟ, ಅದೇ ಕೆಂಪು ಟೋಪಿಯ ಹೆಂಗಸು, ಅದೇ ರೀತಿ ಹಿಮದಲ್ಲಿ ಬಿದ್ದು ನಗುತ್ತಿದ್ದಾಳೆ.

"ಏನಯ್ಯಾ ಇದು ಮೋಸ? ಮೂರು ಶಾಲೆಗೂ ಒಬ್ಬಳೇ ಬಿದ್ದಿದ್ದಾಳೆ!"

ಅವನು ಕನ್ನಡಕ ಏರಿಸಿ ಮೂರನ್ನೂ ನೋಡಿದ. ಆಮೇಲೆ ಸಮಾಧಾನದಿಂದ ಹೇಳಿದ: "ಮೂರು ಕಡೆ ಬಿದ್ರೂ ಹಲ್ಲು ಒಂದೂ ಹೋಗಿಲ್ಲ ನೋಡಿ ಅಣ್ಣಾ. ಮೂರೂ ಒಳ್ಳೇ ಶಾಲೆ."

ಇಪ್ಪತ್ತೇಳು ಪ್ರಶ್ನೆ

ಇನ್ನು ಯಾರನ್ನೂ ನಂಬುವುದಿಲ್ಲ ಎಂದು ನೇರವಾಗಿ ಶಾಲೆಗಳಿಗೇ ಫೋನು ಹಚ್ಚಿದೆ. ಕೇಳಲು ಇಪ್ಪತ್ತೇಳು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಕಲಿಸುವವರು ಕಾಯಂ ನೌಕರರೋ, ಗುತ್ತಿಗೆಯವರೋ? ಬಿದ್ದು ಕಾಲು ಮುರಿದರೆ ಆಸ್ಪತ್ರೆ ಎಷ್ಟು ದೂರ? ಅಲ್ಲಿ ಡಾಕ್ಟರ್ ಇರುತ್ತಾರೋ, ಬೋರ್ಡು ಮಾತ್ರ ಇರುತ್ತದೋ?

ನನ್ನ ಹಿಂದಿ ಶಿವಮೊಗ್ಗ ದಾಟಿದ್ದಲ್ಲ. ಮೊದಲನೇ ಶಾಲೆಯವನು ನಾಲ್ಕನೇ ಪ್ರಶ್ನೆಗೆ ನನ್ನನ್ನು ಲೇಬರ್ ಇನ್‌ಸ್ಪೆಕ್ಟರ್ ಎಂದುಕೊಂಡು, ಮಾಲೀಕರು ಊರಲ್ಲಿಲ್ಲ ಅಂತ ಫೋನಿಟ್ಟ. ಎರಡನೇ ಶಾಲೆಯಲ್ಲಿ ಎತ್ತಿದವನು ಕಲಿಸುವ ಹುಡುಗ. "ರಜೆ ಕೊಡ್ತಾರಾ ನಿಂಗೆ?" ಎಂದು ಕೇಳಿದ್ದೇ ತಡ, ಅವನು ಎಲ್ಲ ತೋಡಿಕೊಂಡ. ರಜೆ ಇಲ್ಲ, ಬೂಟು ಇಲ್ಲ, ಹಿಮ ಬೀಳದಿದ್ದರೆ ಕೆಲಸ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನ ಅವನ ಜೊತೆಗೇ ಮಾತು. ಹೇಗೆ ಸಭೆ ಕರೆಯಬೇಕು, ಯಾರು ಮೊದಲು ಸಹಿ ಹಾಕಬೇಕು, ಮಾಲೀಕ ಚಹಾ ಕೊಟ್ಟರೆ ಯಾಕೆ ಕುಡಿಯಬಾರದು, ಎಲ್ಲ ಹೇಳಿಕೊಟ್ಟೆ.

ನಾಲ್ಕನೇ ದಿನ ಆ ಶಾಲೆ ಮುಷ್ಕರದಿಂದಾಗಿ ಮುಚ್ಚಿತು.

ಹೆಂಡತಿ ಕತ್ತರಿ ಕೆಳಗಿಟ್ಟು ಕೇಳಿದಳು: "ಶಾಲೆ ಸಿಕ್ತಾ?"

"ಸಂಘ ಸಿಕ್ತು" ಅಂದೆ.

ಮಾಹಿತಿ ಹಕ್ಕು

ಫೋನು ಮಗಳ ಕೈಗೆ ಹೋಯಿತು. ನಾನು ಸುಮ್ಮನಿರುವವನಾ? ಅಷ್ಟರಲ್ಲೇ ಒಂದು ಸರ್ಕಾರಿ ಶಾಲೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಈವರೆಗೆ ಎಷ್ಟು ಜನ ಬಿದ್ದರು, ಹೆಂಗಸರೆಷ್ಟು, ಎದ್ದವರೆಷ್ಟು. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು ಎಂಬುದು ಕಾನೂನು. ಉತ್ತರ ಬರುವವರೆಗೆ ಯಾವ ಶಾಲೆಯನ್ನೂ ಒಪ್ಪಕೂಡದು ಎಂದು ಮನೆಯಲ್ಲಿ ಆಜ್ಞೆ ಮಾಡಿದೆ. ಹೆಂಡತಿ ಕ್ಯಾಲೆಂಡರಿನಲ್ಲಿ ಸಂಕ್ರಾಂತಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಮೊಹರು, ಸಹಿ ಎಲ್ಲ ಕ್ರಮವಾಗಿತ್ತು: "ದಾಖಲೆ ಕೊಠಡಿಯ ಬಾಗಿಲಿಗೆ ಹಿಮ ಬಿದ್ದಿರುವುದರಿಂದ, ತಾವು ಕೋರಿದ ಮಾಹಿತಿಯನ್ನು ಕರಗಿದ ನಂತರ ಒದಗಿಸಲಾಗುವುದು."

ಪ್ಯಾಂಟಿನ ತೀರ್ಪು

ಧನುರ್ಮಾಸ ಹಿಡಿದು ವಾರವಾಗಿತ್ತು. ಹೆಂಡತಿ ಮಗಳನ್ನು ಕರೆದು, ಅವಳು ಫೋನಿನಲ್ಲಿ ಹುಡುಕಿಟ್ಟಿದ್ದ ಬೇರೆ ಮೂರು ಶಾಲೆಗಳ ಮೇಷ್ಟ್ರುಗಳ ಫೋಟೋ ತೆಗೆ ಅಂದಳು. ಮುಖ ತೋರಿಸಿದರೆ ಬೇಡ ಅಂದಳು. "ಕೆಳಗೆ ತೋರ್ಸು. ಪ್ಯಾಂಟು. ಇನ್ನೂ ದೊಡ್ಡದು ಮಾಡು."

ಹೊಲಿಗೆಯವರ ಕಣ್ಣು ಬೇರೆ. ನಾನು ಇಪ್ಪತ್ತೇಳು ಪ್ರಶ್ನೆಯಲ್ಲಿ ತಿಳಿಯದ್ದನ್ನು ಅವಳು ಎರಡು ನಿಮಿಷದಲ್ಲಿ ಓದಿದಳು.

"ಇವನ ಪ್ಯಾಂಟು ಇಸ್ತ್ರಿ ಮಡಿಕೆ ಬಿಟ್ಟಿಲ್ಲ. ಇವ ಬೆಟ್ಟಕ್ಕೆ ಹೋಗೋದೇ ಫೋಟೋ ತೆಗೆಸ್ಕೊಳ್ಳೋಕೆ. ಬೇಡ. ಇವನದ್ದು ಹಿಂದೆ ಸವೆದಿದೆ. ಕೂತ್ಕೊಂಡು ಕಲಿಸ್ತಾನೆ. ಬೇಡ. ಈ ಮುದುಕಪ್ಪನದ್ದು ನೋಡು, ಎರಡೂ ಮಂಡಿ ಹತ್ರ ಸವೆದು ತೇಪೆ ಹಾಕಿದೆ. ತೇಪೆನೂ ಸವೆದಿದೆ. ಬಿದ್ದವರ ಪಕ್ಕ ಮಂಡಿಯೂರಿ ಎಬ್ಬಿಸೋ ಮನುಷ್ಯ. ಇದೇ ಶಾಲೆ."

ಮಗಳು ಅಲ್ಲೇ ಹೆಸರು ಬರೆಸಿದಳು.

ನನಗೆ ತಡೆಯಲಾಗಲಿಲ್ಲ. "ಹಂಗಾದ್ರೆ ನನ್ನ ಮದುವೆ ಆಗೋವಾಗ ನನ್ನ ಪ್ಯಾಂಟು ನೋಡಿರ್ಲಿಲ್ವಾ?" ಅಂದೆ.

"ನೀವು ಪಂಚೆಲಿ ಬಂದಿದ್ರಿ" ಅಂದಳು.

ನಾನಿಲ್ಲದ ರಸ್ತೆ ತಡೆ

ಹೊರಡಲು ಎರಡು ದಿನ ಇರುವಾಗ ತುಮರಿ ಕಡೆಯ ನಾಲ್ಕು ಜನ ಬಂದರು. ಅವರೂರಿನ ಬೆಳಗಿನ ಬಸ್ಸು ನಿಂತುಹೋಗಿತ್ತು. ನಾವು ರೈಲು ಹತ್ತುವ ದಿನವೇ ಸಾಗರದಲ್ಲಿ ರಸ್ತೆ ತಡೆ ಇಟ್ಟುಕೊಂಡಿದ್ದರು.

"ಅಣ್ಣಾ, ನೀವಿಲ್ದೆ ಹೆಂಗಾಗ್ತದೆ?"

ಒಳಗೆ ಮಿಶನ್ನಿನ ಸದ್ದು ನಿಂತಿತು. ಆ ನಾಲ್ಕು ಮುಖ ನೋಡಿದೆ, ಬಾಗಿಲ ಪರದೆಯ ಕೆಳಗೆ ಕಾಣುತ್ತಿದ್ದ ಅವಳ ಪಾದ ನೋಡಿದೆ. ಜೀವನದಲ್ಲಿ ಮೊದಲ ಸಲ ಒಂದು ಹೋರಾಟಕ್ಕೆ "ಬರೋಕಾಗಲ್ಲ" ಅಂದೆ. ಮಿಶನ್ನು ಮತ್ತೆ ಓಡತೊಡಗಿತು.

ಆದರೆ ಮನಸ್ಸು ಕೇಳಬೇಕಲ್ಲ. ಸಾಗರದ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಹದಿನೆಂಟು ಸಲ ಓಡಾಡಿದೆ. ಬ್ಯಾಗುಗಳನ್ನು ಹೆಂಡತಿಯ ಹತ್ತಿರ ಬಿಟ್ಟು ಒಂದು ಗಳಿಗೆ ಹೋಗಿ ಬಂದುಬಿಡಲೇ ಅನ್ನಿಸಿತು. ರೈಲು ಹೊರಡುವ ಹೊತ್ತಿಗೆ ತುಮರಿಯವರ ಫೋನು ಬಂತು.

"ಅಣ್ಣಾ, ಗೆದ್ವಿ! ಅರ್ಧ ಗಂಟೇಲಿ ಸಾಹೇಬ್ರು ಬಂದು ಬರವಣಿಗೇಲಿ ಕೊಟ್ರು. ನಾಳೆಯಿಂದ ಬಸ್ಸು!"

"ಅರ್ಧ ಗಂಟೇಲಾ? ಅದ್ಹೆಂಗ್ರೋ?"

"ಯಾವಾಗ್ಲೂ ನಿಮ್ಮ ಭಾಷಣಕ್ಕೇ ಎರಡು ಗಂಟೆ ಹೋಗ್ತಿತ್ತಲ್ಲ ಅಣ್ಣಾ."

ಧರಣಿ

ಬೆಟ್ಟ ಮುಟ್ಟಿದೆವು. ನಾಲ್ಕು ದಿನದ ಪಾಠ. ಮಂಡಿಗೆ ತೇಪೆಯ ಮುದುಕ ಮೇಷ್ಟ್ರು ದೇವರಂಥವರು. ಆದರೆ ಅವರ ಕೈಕೆಳಗೊಬ್ಬ ಕಪ್ಪು ಕನ್ನಡಕದ ತರುಣ ಇದ್ದ. ಅವನು ಮೊದಲ ದಿನವೇ ನಲವತ್ತು ದಾಟಿದ ಹೆಂಗಸರನ್ನೆಲ್ಲ ಒಂದು ಕಡೆ ನಿಲ್ಲಿಸಿ ಆಂಟಿಗಳ ಗುಂಪು ಅಂದ. ಅವರಿಗೆ ಕೊಟ್ಟದ್ದು ಭತ್ತದ ಕಣದಷ್ಟು ಸಮ ಇರುವ ಜಾಗ. ಮೂರು ದಿನ ನನ್ನ ಹೆಂಡತಿ ಅಲ್ಲೇ ಹಿಂದೆ ಮುಂದೆ ಸರಿದಳು. ನಾಲ್ಕನೇ ದಿನ ಬೆಳಿಗ್ಗೆ ಮೇಲಿನ ಗುಡ್ಡದ ಕಡೆ ಕೈ ತೋರಿಸಿ ಕೇಳಿದಳು. ತರುಣ ನಕ್ಕು "ನೆಕ್ಸ್ಟ್ ಟೈಮ್, ಆಂಟೀಜಿ" ಅಂದ.

ಹೆಂಗಸಿಗೆ ನೆಕ್ಸ್ಟ್ ಟೈಮ್ ಅಂದರೆ ಏನರ್ಥ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತೆರಡು ವರ್ಷ ಅದನ್ನು ಹೇಳಿದವನು ನಾನೇ. ಮಧ್ಯಾಹ್ನ ಅವಳು ಊಟಕ್ಕೂ ಬರಲಿಲ್ಲ. ಮರುದಿನ ರೈಲು. ನಾನು ಹಲಗೆ ಕಟ್ಟಿಕೊಂಡು ದಡದಡ ಹೆಜ್ಜೆ ಹಾಕಿ, ಮೇಲಿನ ಗುಡ್ಡದಿಂದ ಎಲ್ಲರೂ ಇಳಿದುಬರುವ ದಾರಿಯ ನಟ್ಟನಡುವೆ ಹೋದೆ. ಹಲಗೆಗಳು ಒಂದರ ಮೇಲೊಂದು ಏರಿದವು. ಕೂತೆ.

"ನನ್ನ ಹೆಂಡ್ತಿಗೆ ಆ ಗುಡ್ಡದ ತುದಿ ಕೊಡೋವರೆಗೂ ಏಳಲ್ಲ!"

ಮೊದಲು ಕನ್ನಡದಲ್ಲಿ ಕೂಗಿದೆ, ಆಮೇಲೆ ನನ್ನ ಹಿಂದಿಯಲ್ಲಿ. ಜನ ಸೇರಿದರು. ಹೊಸದಾಗಿ ಮದುವೆಯಾದ ಪಂಜಾಬಿ ಜೋಡಿಯೊಂದು ವಿಡಿಯೋ ತೆಗೆಯಿತು. ಒಂದು ಗುಜರಾತಿ ಕುಟುಂಬ ಅರ್ಥ ಗೊತ್ತಿಲ್ಲದೆ "ಬೇಕೇ ಬೇಕು, ನ್ಯಾಯ ಬೇಕು" ಎಂದು ನನ್ನ ಜೊತೆ ಕೂಗಿತು. ತರುಣ ಬಂದು "ಅಂಕಲ್‌ಜಿ, ದಯವಿಟ್ಟು ಏಳಿ" ಎಂದು ಕೈ ಮುಗಿದ. ಏಳಲಿಲ್ಲ. ಚಹಾ ತಂದ. ಕುಡಿಯಲಿಲ್ಲ. ಅಡಿಯಿಂದ ಹಿಮ ಕರಗಿ ಪ್ಯಾಂಟಿನೊಳಗೆ ಹೊಳೆ ಹರಿಯುತ್ತಿತ್ತು. ನಾನು ಮಲೆನಾಡಿನ ಹೆಂಗಸರ ದುಡಿಮೆಯ ಮೇಲೆ ಭಾಷಣ ಮುಂದುವರಿಸಿದೆ.

ಆಗ ಮೇಲಿನಿಂದ ಒಂದು ದನಿ ಕೇಳಿತು: "ದಾರಿ ಬಿಡ್ರೀ!"

ತಿರುಗಿ ನೋಡಿದರೆ ನನ್ನ ಹೆಂಡತಿ. ಮಂಡಿ ಬಗ್ಗಿಸಿ, ತೋಳು ಅಗಲಿಸಿ, ಬಾಯಿ ತುಂಬ ನಗುತ್ತ ಬಾಣದ ಹಾಗೆ ಇಳಿದು ಬಂದಳು. ನನ್ನ ಸುತ್ತ ಒಂದು ಅರ್ಧಚಂದ್ರ ಬಿಡಿಸಿ, ಮುಖದ ತುಂಬ ಹಿಮ ಎರಚಿ, ಹತ್ತು ಮಾರು ಕೆಳಗೆ ಹೋಗಿ ಠೀವಿಯಿಂದ ನಿಂತಳು. ಹಿಂದಿನಿಂದ ಮುದುಕ ಮೇಷ್ಟ್ರು ಚಪ್ಪಾಳೆ ತಟ್ಟುತ್ತ ಬರುತ್ತಿದ್ದರು.

"ಏನ್ರೀ ಇನ್ನೂ ಕೂತಿದೀರಾ? ನಿಮ್ಮ ಬೇಡಿಕೆ ಈಡೇರಿ ಒಂದು ಗಂಟೆ ಆಯ್ತು! ನಾನು ಹೋಗಿ ದೊಡ್ಡ ಮೇಷ್ಟ್ರನ್ನ ಕೇಳ್ದೆ, ಹ್ಞೂಂ ಅಂದ್ರು. ಆಚೆ ಬದಿಯಿಂದ ಎರಡು ಸಲ ಇಳಿದಾಯ್ತು, ಇದು ಮೂರನೇದು. ಏಳಿ ಮೇಲೆ!"

ಗುಜರಾತಿಗಳು ಘೋಷಣೆ ನಿಲ್ಲಿಸಿದರು. ಎಲ್ಲರೂ ನನ್ನನ್ನೇ ನೋಡಿದರು.

"ಏಳೋಕೆ ಬರೋ ಹಾಗಿದ್ರೆ" ಅಂದೆ, "ಧರಣಿ ಯಾಕೆ ಕೂರ್ತಿದ್ದೆ ಮಾರಾಯ್ತಿ?"