ಬಾನೆಟ್ಟಿನ ಆಚೆ

ಕೆಲವರಿಗೆ ಸಂಗೀತದ ಕಿವಿ ಇರುತ್ತದೆ, ಕೆಲವರಿಗೆ ಪಕ್ಕದ ಮನೆಯ ಜಗಳದ ಕಿವಿ. ನನಗಿರುವುದು ಇಂಜಿನ್ನಿನ ಕಿವಿ ಎಂದು ಇಪ್ಪತ್ತು ವರ್ಷ ನಂಜನಗೂಡಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕರಿಹಲಗೆಯ ಮೇಲೆ ಪಿಸ್ಟನ್ನಿನ ಚಿತ್ರ ಬರೆದೂ ಬರೆದೂ, ಲೋಕದ ಪಿಸ್ಟನ್ನುಗಳೆಲ್ಲ ನನ್ನ ಮಾತು ಕೇಳುತ್ತವೆ ಎಂಬ ಭ್ರಮೆ ಹುಟ್ಟಿತ್ತು. ಮನೆ ಮುಂದೆ ನಿಂತಿದ್ದ ಕಾರು ಮಾವನವರು ಕೊಟ್ಟಿದ್ದು. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕದು, ಕೆಮ್ಮುವುದರಲ್ಲಿ ಹಿರಿದು.

ಭಾನುವಾರ ತಿಂಡಿ ಮುಗಿದರೆ ಟ್ಯೂನಿಂಗು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟುಗಳ ನಡುವಿನ ಸಂದನ್ನು ಹಳೆಯ ಲಗ್ನಪತ್ರಿಕೆ ತೂರಿಸಿ ಅಳೆಯುತ್ತಿದ್ದೆ. ಅಳೆಯುವ ಗೇಜು ಇರಲಿಲ್ಲವೆಂದಲ್ಲ, ಎಲ್ಲಿಟ್ಟಿದ್ದೇನೆಂದು ಗೊತ್ತಿರಲಿಲ್ಲ. ಅದ್ದೂರಿ ಮದುವೆಯ ದಪ್ಪ ಪತ್ರಿಕೆ ಹಾಕಿದರೆ ಇಂಜಿನ್ ಸೀನುತ್ತಿತ್ತು. ನಮ್ಮ ಹೆಡ್‌ಮಾಸ್ಟರ ಮಗಳ ಮದುವೆಯ ಸಾಧಾರಣ ಪತ್ರಿಕೆಯೇ ಅದಕ್ಕೆ ಒಗ್ಗುತ್ತಿತ್ತು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಕಾರ್ಬುರೇಟರಿನ ಸ್ಕ್ರೂ ತಿರುಪಿ ಗಾಳಿ, ಪೆಟ್ರೋಲನ್ನು ಹದಕ್ಕೆ ತರಬೇಕು. ಆಗ ಒಳಗೆ ಕೂತು ಆಕ್ಸಿಲರೇಟರ್ ಒತ್ತುವುದಕ್ಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ನನ್ನ ಹೆಂಡತಿ ಮಂಗಳಾ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಒತ್ತು ಅಂದರೆ ಒತ್ತುವುದು, ಬಿಡು ಅಂದರೆ ಬಿಡುವುದು. ನಡುವೆ, “ಸರಿಹೋಯ್ತು ಕಣ್ರೀ, ಸಾಕು ಬಿಡಿ” ಅನ್ನುವಳು. “ನಿಂಗೇನೇ ಗೊತ್ತಾಗುತ್ತೆ?” ಎಂದು ಗದರಿ, ಇನ್ನೆರಡು ಸಲ ತಿರುಗಿಸಿ ಕೆಡಿಸಿ, ಮತ್ತೆ ಅವಳು ಹೇಳಿದ ಜಾಗಕ್ಕೇ ತರುತ್ತಿದ್ದೆ. ಕೀರ್ತಿ ಮಾತ್ರ ನನ್ನ ಕಿವಿಗೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವಳು ತೀರಿಕೊಂಡಳು. ಮನೆಯಲ್ಲಿ ಮಾತು ನಿಂತಿತು. ಕಾರಿಗೆ ನಡುಕ ಶುರುವಾಯಿತು. ಆಕ್ಸಿಲರೇಟರಿನ ಮೇಲೆ ಇಟ್ಟಿಗೆ ಇಟ್ಟು ನೋಡಿದೆ. ಇಟ್ಟಿಗೆಗೆ ಒತ್ತುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಬಾನೆಟ್ಟಿನಿಂದ ಸೀಟಿಗೆ, ಸೀಟಿನಿಂದ ಬಾನೆಟ್ಟಿಗೆ ಓಡಾಡಿ ನನಗೇ ಉಬ್ಬಸ ಹತ್ತಿತು. ಒಂದು ಭಾನುವಾರ ಅಭ್ಯಾಸಬಲದಿಂದ “ಬಿಡು, ಬಿಡೇ” ಎಂದು ಕೂಗಿಬಿಟ್ಟೆ. ಎದುರು ಮನೆಯವರು ಹೊರಗೆ ಬಂದು, ನನ್ನನ್ನೂ ಖಾಲಿ ಸೀಟನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದರು. ಏನಾದರೂ ಕೇಳಿದ್ದರೆ ಚೆನ್ನಾಗಿತ್ತು.

ಇದು ಬನ್ನೂರಿನಲ್ಲಿರುವ ಅವಳ ತಮ್ಮ ಷಡಕ್ಷರಿಯ ಕಿವಿಗೂ ಬಿತ್ತು. ಬಂದವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಭಾವ, ಇದು ನಿಮ್ ಕೈಲಾಗಲ್ಲ. ಅಪ್ಪಾಜಿ ಕಾರು, ಸುಮ್ನೆ ಹಾಳಾಗೋದ್ ಬ್ಯಾಡ. ನಮ್ಮನೇಲಿರ್ಲಿ ಬುಡಿ” ಅಂದ. ಅವಳ ತವರಿನಿಂದ ಬಂದು ಇನ್ನೂ ನನ್ನ ಜೊತೆ ಉಳಿದಿದ್ದು ಅದೊಂದೇ. ಹಾಗೆಂದು ಬಾಯಿಬಿಟ್ಟು ಹೇಳಲಾಗದೆ, “ಬರೋ ಭಾನುವಾರ ಒಂಚೂರೂ ನಡುಗದ ಹಾಗೆ ನಿಮ್ಮ ಬಾಗಿಲಿಗೇ ಓಡಿಸಿಕೊಂಡು ಬರ್ತೀನಿ. ಆಗದಿದ್ರೆ ಕೀ ನಿಂದು” ಎಂದು ಪಂಥ ಕಟ್ಟಿಬಿಟ್ಟೆ.

ಭಾನುವಾರ ಹೊರಟೆ. ಟಿ. ನರಸೀಪುರ ತಲುಪುವಷ್ಟರಲ್ಲಿ ಕಾರು ನಾಲ್ಕು ಸಲ ಡಬ್ ಎಂದು ಸಿಡಿದು, ಬಸ್ ಸ್ಟ್ಯಾಂಡಿನ ಹತ್ತಿರ ನಿಂತೇಹೋಯಿತು. ಜನ ಹತ್ತಿರದ ಗ್ಯಾರೇಜಿನವರೆಗೆ ತಳ್ಳಿ ಪುಣ್ಯ ಕಟ್ಟಿಕೊಂಡರು. ಅಲ್ಲಿನ ಮೆಕ್ಯಾನಿಕ್ ಮಾದಪ್ಪ ಬಾನೆಟ್ಟಿನೊಳಗೆ ಬಗ್ಗಿ ನೋಡಿದ.

“ಯಾರ್ ಸಾ ಇದ್ನ ಟೂನ್ ಮಾಡಿರಾದು?”

“ನಾನೇ.”

“ಈಗಿಂದಲ್ಲ ಸಾ, ಮೊದ್ಲು. ಇಂಜಿನ್ ಒಳ್ಳೇ ಕಂಡೀಸನ್ನಾಗದೆ. ಯಾರೋ ಬೋ ವರ್ಸ ಚೆಂದಾಗ್ ನೋಡ್ಕಂಡವ್ರೆ.”

“ಅದೂ ನಾನೇ” ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

“ಒಳಿಕ್ ಕೂತ್ಕಳಿ ಸಾ, ನಾನೊಬ್ನೇ ಇರಾದು. ಸ್ಟೇರಿಂಗ್ ಮ್ಯಾಲೆ ಕೈ ಮಡಗಿ, ನಡುಕ ನಿಂತ ತಕ್ಸಣ ಯೋಳಿ. ಬಾನೆಟ್ ತಾವ್ ನಿಂತೋನ್ಗೆ ಏನ್ ಗೊತ್ತಾದದು? ಒಳಗ್ ಕೂತೋರ್ಗೇ ಗೊತ್ತಾಗಾದು.”

ಕೂತೆ. ಅಲ್ಲಿಂದ ಕಾಣುವುದು ಎತ್ತಿದ ಬಾನೆಟ್ಟಿನ ತಗಡು ಮಾತ್ರ. ಕೆಲಸ ಮಾಡುವವನ ಮುಖ ಕಾಣುವುದಿಲ್ಲ. ಅಷ್ಟೊಂದು ಭಾನುವಾರ ಅವಳು ನೋಡಿದ್ದು ಈ ತಗಡನ್ನು, ಕೇಳಿದ್ದು ಅದರಾಚೆಯಿಂದ ಗದರುವ ಒಂದು ದನಿಯನ್ನು. ಸ್ಟಿಯರಿಂಗ್ ಅಲುಗಿದಾಗೆಲ್ಲ ನನ್ನ ವಾಚಿನ ಚೈನು ಕಿಣಿಕಿಣಿ ಅನ್ನುತ್ತಿತ್ತು. ಮಾದಪ್ಪ ಏನೋ ತಿರುಪಿದ, ಚೈನಿನ ಸದ್ದು ನಿಂತಿತು. ಅವಳ ಕೈ ತುಂಬ ಗಾಜಿನ ಬಳೆಗಳಿರುತ್ತಿದ್ದವು. ನಡುಕ ನಿಂತದ್ದು ಅವಳಿಗೆ ಮೊದಲು ತಿಳಿಯದೆ ನನಗೆ ತಿಳಿಯುತ್ತಿತ್ತೇ?

“ಸರೋಯ್ತಾ ಸಾ?” ಮಾದಪ್ಪ ಕೂಗಿದ.

ಸರಿಹೋಗಿತ್ತು. “ಇನ್ನೂ ಸ್ವಲ್ಪ” ಎಂದೆ. ಕಣ್ಣು ಒರೆಸಿಕೊಳ್ಳಲು ಅಷ್ಟು ಹೊತ್ತು ಬೇಕಾಗಿತ್ತು. ಅವನು ಪಾಪ, ಸರಿಯಾಗಿದ್ದ ಸ್ಕ್ರೂವನ್ನು ಮತ್ತೆರಡು ಸಲ ಆಚೀಚೆ ಆಡಿಸಿ, ನನ್ನ ಸಮಾಧಾನಕ್ಕೆ ಮೊದಲಿನ ಜಾಗದಲ್ಲೇ ನಿಲ್ಲಿಸಿದ.

ಬನ್ನೂರಿನಲ್ಲಿ ಷಡಕ್ಷರಿ ಬಾಗಿಲಿಗೇ ಬಂದ. ಓಡುತ್ತಿದ್ದ ಇಂಜಿನ್ನಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ಕೀ ಕೇಳಲಿಲ್ಲ.

“ಅಕ್ಕ ಇದ್ದಾಗ ಇದ್ದಂಗೇ ಅದಲ್ಲ ಭಾವ! ಯಾರು ಟ್ಯೂನ್ ಮಾಡುದ್ರು?”

ದಾರಿಯುದ್ದಕ್ಕೂ ಪಶ್ಚಾತ್ತಾಪಪಡುತ್ತಲೇ ಬಂದಿದ್ದೆ. ಸತ್ಯ ಹೇಳಬೇಕೆಂದೇ ಬಾಯಿ ತೆರೆದೆ.

“ನಾನೇ ಕಣಯ್ಯ” ಎಂದೆ. ಕಟ್ಟಿಕೊಂಡವಳ ಇಪ್ಪತ್ತು ವರ್ಷದ ಕೆಲಸವನ್ನು ನನ್ನದೆಂದು ಹೇಳಿಕೊಂಡು ಬಂದವನು, ಮಾದಪ್ಪನ ಅರ್ಧ ಗಂಟೆಯದನ್ನು ಬಿಟ್ಟೇನೇ?